ಅತ್ತೆ ಎದ್ದು ಹೋಗಿದ್ದು ಯಾವ ಮಾತಿಗೆ?

ಪ್ರಶ್ನೆ: ಮೇಡಂ, ನಾವು ಮಂಡ್ಯದವರು. ಮನೆಯಲ್ಲಿ ನಾನು, ಯಜಮಾನರು, 70 ದಾಟಿದ ಅತ್ತೆ, ಡಿಗ್ರಿ ಓದುವ ಮಗಳು. ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತು ಕನ್ನಡಕ್ಕೆ ಡಬ್ ಆದ ಒಂದು ಸೀರೀಸ್ ನೋಡುತ್ತಿದ್ದೆವು. ಊರಲ್ಲೆಲ್ಲ ಮರ್ಯಾದೆ ಇರುವ ಒಂದು ಮನೆ. ಆ ಮನೆಯ ಹಿರಿಯ, ಬಹಳ ವರ್ಷದ ಹಿಂದೆ ಮನೆಯ ಹುಡುಗಿಗೇ ಮಾಡಬಾರದ್ದು ಮಾಡಿರುತ್ತಾನೆ. ಆ ಹುಡುಗಿ ದೊಡ್ಡವಳಾಗಿ ವಾಪಸ್ ಬಂದಾಗ ಒಂದೊಂದೇ ಹೊರಗೆ ಬರುತ್ತದೆ. ಅವನು ಏನು ಮಾಡಿದ್ದ ಅಂತ ನಾಲ್ಕನೇ ಎಪಿಸೋಡಿಗೇ ನಮಗೆಲ್ಲ ಅರ್ಥವಾಗಿತ್ತು. ಆರನೆಯದರಲ್ಲಿ, ಹುಡುಗಿಯ ತಾಯಿಗೆ ಮೊದಲಿಂದ ಎಲ್ಲಾ ಗೊತ್ತಿತ್ತು ಅಂತ ಬಯಲಾಯಿತು. ಮಗಳು "ಮೊದಲು ಈ ಅಮ್ಮನ್ನ ಜೈಲಿಗೆ ಹಾಕ್ಬೇಕು" ಅಂದಳು. ಯಜಮಾನರು "ಇವಳೂ ಒಂದು ತಾಯಿನಾ" ಅಂದರು. ಅತ್ತೆ "ಸಾಕು ಕಣವ್ವ, ಆರ್ಸು" ಅಂತ ಎದ್ದು ಅಡುಗೆಮನೆಗೆ ಹೋದರು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ, ಟಿವಿ ಮುಂದೆ ಕೂರುವುದೂ ಇಲ್ಲ. ಯಜಮಾನರು "ಇಂಥದ್ದೆಲ್ಲ ಯಾಕೆ ತೋರಿಸ್ತಾರೆ" ಅಂತ ರೇಗುತ್ತಾರೆ. ಮಗಳು ಉಳಿದ ಎರಡು ಎಪಿಸೋಡನ್ನು ಅದೇ ರಾತ್ರಿ ಮೊಬೈಲಲ್ಲಿ ನೋಡಿ ಮುಗಿಸಿದಳು. ನನಗೆ ಅಳು ಬಂತು, ಅತ್ತ ಮೇಲೆ ಮನಸ್ಸು ಹಗುರವಾಯಿತು. ಆಮೇಲೆ ಇಂಥ ಕಥೆ ಇಷ್ಟವಾಯಿತಲ್ಲ ಅಂತ ನನ್ನ ಮೇಲೇ ಬೇಜಾರು. ಮಗಳು ಹೇಳುತ್ತಾಳೆ, "ಅಜ್ಜಿಗೂ ಚಿಕ್ಕವರಿದ್ದಾಗ ಏನೋ ಆಗಿರ್ಬೇಕು, ಮರೆತುಹೋಗಿದೆ ಅಷ್ಟೇ, ಕೂರಿಸ್ಕೊಂಡು ಕೇಳಿದ್ರೆ ನೆನಪಾಗುತ್ತೆ" ಅಂತ. ಕೇಳಲಾ? ಒಂದೇ ಕಥೆಗೆ ನಾಲ್ಕು ಜನ ನಾಲ್ಕು ಥರ ಆಗುವುದು ಯಾಕೆ? ಉಳಿದ ಎರಡು ಎಪಿಸೋಡ್ ನೋಡುವುದಾ ಬಿಡುವುದಾ?

ಉತ್ತರ: ಕೇಳಬೇಡಿ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಉಳಿದ ಮಾತೆಲ್ಲ ನಿಧಾನಕ್ಕೆ ಓದಬಹುದು, ಆದರೆ ಮಗಳು ಇವತ್ತು ಸಂಜೆ ಅಜ್ಜಿಯನ್ನು ಕೂರಿಸಿಕೊಂಡು ಕೇಳಿಬಿಟ್ಟರೆ ಅದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಈಗ ನಿಮ್ಮ ಪತ್ರವನ್ನು ನೀವೇ ಇನ್ನೊಂದು ಸಲ ಓದಿ. ಆ ಮನುಷ್ಯ ಏನು ಮಾಡಿದ್ದ ಅನ್ನುವುದು ನಾಲ್ಕನೇ ಎಪಿಸೋಡಿಗೇ ಎಲ್ಲರಿಗೂ ಅರ್ಥವಾಗಿತ್ತು. ಅತ್ತೆ ಆಗ ಎದ್ದು ಹೋಗಲಿಲ್ಲ. ಐದನೆಯದಕ್ಕೂ ಬಂದು ಕೂತರು. ತಾಯಿಗೆ ಗೊತ್ತಿತ್ತು ಅಂತ ಬಯಲಾದಾಗಲೂ ಕೂತೇ ಇದ್ದರು. ಮೊಮ್ಮಗಳು ಒಂದು ಮಾತು ಅಂದಳು. ಮಗ ಒಂದು ಮಾತು ಅಂದ. ಆಮೇಲೆ ಎದ್ದರು. ಸೀರೀಸ್ ನೋಡಿ ಅತ್ತೆಗೆ ಹೀಗಾಯಿತು ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಕಾಣುವುದು, ಟಿವಿಯಲ್ಲಿ ಬಂದ ದೃಶ್ಯಕ್ಕಿಂತ ನಿಮ್ಮ ಹಾಲ್‌ನಲ್ಲಿ ಬಿದ್ದ ಆ ಎರಡು ಮಾತು ಅವರನ್ನು ಎಬ್ಬಿಸಿರಬಹುದು.

ಹಾಗಂತ ಅತ್ತೆಯೂ ಅಂಥದ್ದೇ ಗುಟ್ಟು ಇಟ್ಟುಕೊಂಡಿದ್ದಾರೆ ಅಂತ ತೀರ್ಮಾನಕ್ಕೆ ಬರಬೇಡಿ. ಒಬ್ಬರು ಟಿವಿ ನೋಡಿ ಹೇಗೆ ನಡೆದುಕೊಂಡರು ಅನ್ನುವುದು ಅವರ ಬದುಕಿಗೆ ಸಾಕ್ಷಿ ಆಗುವುದಿಲ್ಲ. ಅವರ ವಯಸ್ಸಿನ ಹೆಂಗಸರಲ್ಲಿ ಯಾವುದೋ ಒಂದು ವಿಷಯಕ್ಕೆ ಬಾಯಿ ಕಟ್ಟಿಕೊಂಡು ಇರದವರು ಕಡಿಮೆ. ಮೈದುನನ ಕುಡಿತ ಇರಬಹುದು, ಮಾವನ ಎರಡನೇ ಸಂಸಾರ ಇರಬಹುದು, ಪಕ್ಕದ ಮನೆಯ ಸೊಸೆ ಸತ್ತ ರೀತಿ ಇರಬಹುದು. ಹಿಂದೊಮ್ಮೆ ಒಬ್ಬರು ತಲೆನೋವು, ನಿದ್ದೆ ಇಲ್ಲ ಅಂತ ನನ್ನ ಹತ್ತಿರ ಬಂದಿದ್ದರು. ಗುರುತು ಸಿಗದ ಹಾಗೆ ಹೇಳುತ್ತೇನೆ. ಮಾತಾಡುತ್ತಾ ಒಂದು ಸೀರಿಯಲ್ ಕಥೆ ಎತ್ತಿದರು. ಕಥೆ ಹೇಳುತ್ತಾ ಹೇಳುತ್ತಾ ಮಡಿಲಲ್ಲಿದ್ದ ಬ್ಯಾಗಿನ ಜಿಪ್ ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು ಮಾಡುತ್ತಿದ್ದರು. ಕೊನೆಗೆ, "ನಮ್ಮ ನಾದಿನಿ ಕಾಲು ಜಾರಿ ಬಾವಿಗೆ ಬಿದ್ದಳು ಅಂತ ಎಲ್ಲರಿಗೂ ಹೇಳಿದ್ವಿ ಮೇಡಂ" ಅಂದರು. ಜಿಪ್ ನಿಂತಿತು. ಆ ಸಾವಿನಲ್ಲಿ ಅವರ ಕೈ ಏನೂ ಇರಲಿಲ್ಲ. ಮನೆಯವರೆಲ್ಲ ಹೇಳಿದ ಮಾತನ್ನು ಅವರೂ ಹೇಳಿದ್ದರು, ಅಷ್ಟೇ. ಅಷ್ಟನ್ನೇ ಅವರು ಅರ್ಧ ಆಯಸ್ಸು ಹೊತ್ತಿದ್ದರು.

ಗುಟ್ಟು ಮನುಷ್ಯನನ್ನು ಹೇಗೆ ಹಣ್ಣು ಮಾಡುತ್ತದೆ ಅಂತ ಅಮೆರಿಕದ ಮೈಕೆಲ್ ಸ್ಲೆಪಿಯನ್ ಅನ್ನುವ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಯವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇನ್ನೊಬ್ಬರ ಎದುರು ವಿಷಯ ಮುಚ್ಚಿಡಬೇಕಾದ ಗಳಿಗೆಗಳು ಅಷ್ಟೇನೂ ಜಾಸ್ತಿ ಬರುವುದಿಲ್ಲ. ಒಬ್ಬರೇ ಇರುವಾಗ ಮನಸ್ಸು ತಾನಾಗಿ ಆ ಕಡೆ ಹೋಗುವುದು ಅದಕ್ಕಿಂತ ಹೆಚ್ಚು, ಜನರನ್ನು ಕುಗ್ಗಿಸುವುದೂ ಅದೇ ಅಂತ ಅವರು ಕಂಡುಕೊಂಡರು. ಅತ್ತೆಗೆ ಹೇಳದೇ ಉಳಿದ ಮಾತು ಏನಾದರೂ ಇದ್ದರೆ, ಸೀರೀಸ್ ಅದನ್ನು ಹೊಸದಾಗಿ ಹುಟ್ಟಿಸಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಮನಸ್ಸು ಅತ್ತ ಹೋಗುವಂತೆ ಮಾಡಿದೆ. ನಿದ್ದೆ ಕೆಟ್ಟಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ನಾಲ್ಕು ಜನ ನಾಲ್ಕು ಥರ ಯಾಕೆ ಅಂತ ಕೇಳಿದ್ದೀರಿ. ಇದಕ್ಕೆ ನಮ್ಮವರು ಸಾವಿರ ವರ್ಷದ ಹಿಂದೆಯೇ ತಲೆ ಓಡಿಸಿದ್ದಾರೆ. ಕಾಶ್ಮೀರದ ಅಭಿನವಗುಪ್ತ ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ, ನೋಡುವವನಿಗೆ ರಸ ಹುಟ್ಟದಂತೆ ತಡೆಯುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅದರಲ್ಲಿ ಒಂದು, ನೋಡುವವನು ತನ್ನ ಸ್ವಂತ ಸುಖದುಃಖದ ಕೈಗೆ ಸಿಕ್ಕಿಬೀಳುವುದು. ರಂಗದ ಮೇಲಿನ ದುಃಖ "ಯಾರದ್ದೋ" ಆಗಿರುವವರೆಗೆ ನಾವು ಅಳುತ್ತೇವೆ, ಅತ್ತು ಹಗುರಾಗುತ್ತೇವೆ. ಅದು "ನನ್ನದು" ಆದ ಕೂಡಲೇ ಕಲೆ ಮುಗಿಯಿತು, ನೋವು ಶುರುವಾಯಿತು. ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದ ಎಂ. ಹಿರಿಯಣ್ಣನವರು ಈ ರಸದ ವಿಚಾರವನ್ನು ಲೋಕಕ್ಕೆಲ್ಲ ಅರ್ಥವಾಗುವ ಹಾಗೆ ಬರೆದವರು. ನಮ್ಮ ಮೈಸೂರಿಗೆ ಇದು ಹೊಸ ಚರ್ಚೆ ಏನಲ್ಲ.

ಇದನ್ನು ನಿಮ್ಮ ಮನೆಗೆ ಹಚ್ಚಿ ನೋಡಿ. ನಿಮಗೆ ಅಳು ಬಂತು, ಆಮೇಲೆ ಹಗುರವಾಯಿತು. ಕರುಣರಸ ಅಂದರೆ ಇದೇ. ಕಷ್ಟದ ಕಥೆ ಇಷ್ಟವಾಯಿತು ಅಂದರೆ ಕಷ್ಟ ಇಷ್ಟವಾಯಿತು ಅಂತ ಅರ್ಥವಲ್ಲ. ಆ ಹುಡುಗಿಯ ಪರವಾಗಿ ನಿಮ್ಮೊಳಗೆ ಒಬ್ಬರು ಎದ್ದು ನಿಂತರು, ಅದು ನಿಮಗೆ ಹಿತವೆನಿಸಿತು. ಅದಕ್ಕೆ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಮಗಳಿಗೆ ಅದು ಬಿಡಿಸಬೇಕಾದ ಒಗಟು. ಯಾರು ಮಾಡಿದ್ದು, ಯಾರಿಗೆ ಗೊತ್ತಿತ್ತು, ಮುಂದೇನು. ಅವಳು ಪತ್ತೇದಾರಳ ಜಾಗದಲ್ಲಿ ಕೂತು ನೋಡಿದಳು. ಅದಕ್ಕೇ ಒಂದೇ ರಾತ್ರಿ ಮುಗಿಸಲು ಆಯಿತು, ಅದಕ್ಕೇ ಈಗ ಅಜ್ಜಿಯಲ್ಲೂ ಒಂದು ಕೇಸ್ ಕಾಣುತ್ತಿದೆ. ಆ ವಯಸ್ಸಿಗೆ ಇದು ಸಹಜ. ಅವಳನ್ನು ಬೈಯಬೇಡಿ. ರಾತ್ರಿಯೆಲ್ಲ ಇಯರ್‌ಫೋನ್ ಹಾಕಿಕೊಂಡು ಇಂಥದ್ದನ್ನು ನೋಡಿದರೆ ಮೈಗೆ ಕಥೆ ಯಾವುದು ನಿಜ ಯಾವುದು ಅಂತ ಗೊತ್ತಾಗುವುದಿಲ್ಲ, ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ, ಅಷ್ಟು ಹೇಳಿ ಸಾಕು.

ಯಜಮಾನರ ರೇಗಾಟದ ಬಗ್ಗೆಯೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆ ಹೆತ್ತ ತಾಯಿ, ಇನ್ನೊಂದು ಕಡೆ ಬೆಳೆದ ಮಗಳು. ನಡುವೆ ಕೂತು ಇಂಥ ಕಥೆ ನೋಡುವ ಗಂಡಸಿಗೆ ಎಲ್ಲಿ ಕಣ್ಣಿಡಬೇಕು ಅಂತಲೇ ತಿಳಿಯುವುದಿಲ್ಲ. ಒಬ್ಬರೇ ನೋಡಿದ್ದರೆ ಅವರು ಬೇರೆ ಥರ ನೋಡುತ್ತಿದ್ದರು. ನಮ್ಮ ಮನೆಗಳಲ್ಲಿ ಟಿವಿ ಇರುವುದು ಎಲ್ಲರೂ ಓಡಾಡುವ ಹಾಲ್‌ನಲ್ಲಿ. ಅಲ್ಲಿ ಕೂತ ಪ್ರತಿಯೊಬ್ಬರೂ ಪರದೆಯನ್ನು ಅರ್ಧ, ಪಕ್ಕದವರನ್ನು ಅರ್ಧ ನೋಡುತ್ತಿರುತ್ತಾರೆ. ಮುಜುಗರ ನಮ್ಮ ಗಂಡಸರಲ್ಲಿ ಬಹಳ ಸಲ ಸಿಟ್ಟಾಗಿ ಹೊರಗೆ ಬರುತ್ತದೆ.

ಇಂಥದ್ದೆಲ್ಲ ಯಾಕೆ ತೋರಿಸುತ್ತಾರೆ ಅನ್ನುವ ಅವರ ಮಾತಿಗೆ ಮಾತ್ರ ಒಂದು ಉತ್ತರ ಕೊಡಬೇಕು. ಇದು ಹೊರಗಿನಿಂದ ಬಂದ ಚಾಳಿ ಅನ್ನುವ ಭಾವನೆ ಅದರಲ್ಲಿದೆ. ಮನಸ್ಸಿನ ಕಗ್ಗತ್ತಲನ್ನು ಕನ್ನಡದಲ್ಲಿ ಕಾದಂಬರಿ ಮಾಡಿದ ತ್ರಿವೇಣಿಯವರು ನಿಮ್ಮ ಮಂಡ್ಯದಲ್ಲೇ 1928ರಲ್ಲಿ ಹುಟ್ಟಿದವರು, ಮೈಸೂರಿನಲ್ಲಿ ಬದುಕಿದವರು. ಅವರ ಶರಪಂಜರವನ್ನು 1971ರಲ್ಲಿ ಸಿನಿಮಾ ಮಾಡಿದ ಪುಟ್ಟಣ್ಣ ಕಣಗಾಲ್ ಇಲ್ಲೇ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಅದೂ ಒಂದು ಒಳ್ಳೆ ಮನೆಯ ಕಥೆ. ಅಲ್ಲೂ ಮದುವೆಗೆ ಮುಂಚಿನ ಒಂದು ಗುಟ್ಟು, ಬಾಣಂತನದ ನಂತರ ಮನಸ್ಸು ಕೆಡುವುದು, ವಾಸಿಯಾಗಿ ಬಂದರೂ ಮನೆ ಅವಳನ್ನು ಮೊದಲಿನ ಹಾಗೆ ಒಳಗೆ ಸೇರಿಸಿಕೊಳ್ಳದಿರುವುದು. ಕಥಾನಾಯಕಿ ಕಾವೇರಿಯ ತಪ್ಪನ್ನು ಯಾರೂ ಮರೆಯಲಿಲ್ಲ, ಗಂಡನ ತಪ್ಪು ಯಾರ ಲೆಕ್ಕಕ್ಕೂ ಬರಲಿಲ್ಲ. ಯಜಮಾನರು ಈ ಸಿನಿಮಾ ನೋಡಿಯೇ ಇರುತ್ತಾರೆ. ನಮ್ಮ ಸೀಮೆಯವರು ಇಂಥ ಕಥೆ ಹೇಳಿದ್ದಾರೆ, ಕೇಳಿ ಅತ್ತೂ ಇದ್ದಾರೆ.

ಆದರೂ ಈಗಿನ ಸೀರೀಸ್ ಜನರನ್ನು ಹೆಚ್ಚು ಕಲಕುವುದಕ್ಕೆ ಒಂದು ಕಾರಣ ಉಂಟು. ನಮ್ಮ ದಿನದ ಸೀರಿಯಲ್‌ನಲ್ಲಿ ಕೆಟ್ಟವರು ಯಾರು ಅಂತ ಬಂದ ದಿನವೇ ಗೊತ್ತಾಗುತ್ತದೆ. ಅವರ ಕಣ್ಣು, ಕುಂಕುಮ, ಸೀರೆ, ಹಿಂದೆ ಬರುವ ಮ್ಯೂಸಿಕ್ ಎಲ್ಲವೂ ಹೇಳಿಬಿಡುತ್ತವೆ. ಗುಟ್ಟು ಕೂಡ ನಮಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ ಅಷ್ಟೇ. ನಾವು ನೆಮ್ಮದಿಯಾಗಿ ಅವರನ್ನು ಬೈಯುತ್ತಾ ಕೂರಬಹುದು. ನೀವು ನೋಡಿದ ಕಥೆಯಲ್ಲಿ ಹಾಗಿಲ್ಲ. ಆ ಹಿರಿಯ ಮನುಷ್ಯ ಮೊದಲ ಮೂರು ಎಪಿಸೋಡಿನಲ್ಲಿ ಎಲ್ಲರಿಗಿಂತ ಒಳ್ಳೆಯವನಾಗಿಯೇ ಕಂಡಿರುತ್ತಾನೆ. ಹಣ್ಣು ಹೆಚ್ಚಿ ಮಕ್ಕಳಿಗೆ ಕೊಡುವವನು, ಯಾರಿಗೂ ಏರಿದ ದನಿಯಲ್ಲಿ ಮಾತಾಡದವನು. ಟಿವಿಯಲ್ಲಿ ಕಾಣುವ ಮುಖದ ಜೊತೆ ನೋಡುವವರಿಗೆ ಪರಿಚಯದವರ ಥರದ ನಂಟು ಬೆಳೆಯುತ್ತದೆ ಅಂತ ಹಾರ್ಟನ್ ಮತ್ತು ವೋಲ್ ಅನ್ನುವ ಇಬ್ಬರು ಸಂಶೋಧಕರು 1956ರಲ್ಲೇ ಬರೆದರು. ನಿಮಗೆ ಆ ಮನುಷ್ಯ ಅಷ್ಟು ಹೊತ್ತಿಗೆ ಮನೆಯ ಹಿರಿಯನೇ ಆಗಿದ್ದ. ಗುಟ್ಟು ಬಯಲಾದಾಗ ಮೋಸ ಹೋದದ್ದು ಕಥೆಯ ಜನ ಮಾತ್ರ ಅಲ್ಲ, ನೀವೂ ಕೂಡ. ಆ ಸಿಟ್ಟು ಎಲ್ಲಾದರೂ ಹೋಗಿ ಬೀಳಬೇಕು.

ಅದು ಎಲ್ಲಿ ಬಿತ್ತು ನೋಡಿ. ಮಾಡಿದವನನ್ನು ಬಿಟ್ಟು ತಾಯಿಯ ಮೇಲೆ ಬಿತ್ತು.

ಇದು ನಿಮ್ಮ ಮನೆಯಲ್ಲಿ ಮಾತ್ರ ಆಗಿಲ್ಲ. ಇಂಥ ಕಥೆ ಯಾವುದೇ ಇರಲಿ, ಅದರ ಬಗ್ಗೆ ಮಾತಾಡುವವರನ್ನು ಕೇಳಿಸಿಕೊಳ್ಳಿ. "ಅವನು ಕೆಟ್ಟವನು, ಬಿಡಿ. ಆದ್ರೆ ಇವಳು?" ಅಂತ ಶುರುವಾಗುತ್ತದೆ. ಮಾಡಿದವನಿಗೆ ಒಂದು ಸಾಲು, ಸುಮ್ಮನಿದ್ದವಳಿಗೆ ಹತ್ತು ಸಾಲು. ತಾಯಿಯಿಂದ ನಾವು ಎಲ್ಲವನ್ನೂ ನಿರೀಕ್ಷೆ ಮಾಡುತ್ತೇವೆ, ಅವಳು ತಪ್ಪಿದಾಗ ಮಾಡಿದವನಿಗಿಂತ ದೊಡ್ಡ ಅಪರಾಧಿಯಾಗಿ ಕಾಣುತ್ತಾಳೆ.

ನಿಮ್ಮ ಕಡೆ ಹಳ್ಳಿಗಳಲ್ಲಿ ಈಗಲೂ ಸೀನರಿ ಕಟ್ಟಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ರಾಗ ಎತ್ತಿದ ಕೂಡಲೇ ಕರ್ಣ-ಕುಂತಿಯ ಸೀನ್ ಅಂತ ಹೆಂಗಸರಿಗೆ ಗೊತ್ತಾಗುತ್ತದೆ, ಸೆರಗು ಕಣ್ಣಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಮನೆ ಗುಟ್ಟು ನಮ್ಮ ಕಥೆಗಳಲ್ಲಿ ಯಾವುದಿದೆ? ಮದುವೆಗೆ ಮುಂಚೆ ಹುಟ್ಟಿದ ಮಗ, ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟದ್ದು, ಅಣ್ಣತಮ್ಮಂದಿರೇ ಒಬ್ಬರನ್ನೊಬ್ಬರು ಕೊಲ್ಲುವವರೆಗೂ ಬಾಯಿ ಬಿಡದೇ ಇದ್ದದ್ದು. ಯುದ್ಧ ಮುಗಿದ ಮೇಲೆ, ತರ್ಪಣ ಬಿಡುವ ಹೊತ್ತಿನಲ್ಲಿ ಕುಂತಿ ಹೇಳುತ್ತಾಳೆ, ಕರ್ಣ ನಿಮ್ಮ ಅಣ್ಣ ಅಂತ. ಆಗ ಧರ್ಮರಾಯ ಏನು ಮಾಡಿದ? ಇನ್ನು ಮುಂದೆ ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲದಿರಲಿ ಅಂತ ಹೆಣ್ಣುಕುಲಕ್ಕೇ ಶಾಪ ಕೊಟ್ಟ. ಹರೆಯದ ಹುಡುಗಿಯನ್ನು ಆ ಸ್ಥಿತಿಗೆ ತಂದ ಸೂರ್ಯನ ಹೆಸರು ಆ ಶಾಪದಲ್ಲಿ ಇಲ್ಲ. ಧರ್ಮರಾಯನಂಥ ಧರ್ಮರಾಯನಿಗೇ ಸಿಟ್ಟು ಬಂದಾಗ ಕಂಡದ್ದು ಸುಮ್ಮನಿದ್ದ ತಾಯಿ ಮಾತ್ರ. ಡಿಗ್ರಿ ಓದುವ ನಿಮ್ಮ ಮಗಳು ಅದೇ ತೀರ್ಪು ಕೊಟ್ಟರೆ ಆಶ್ಚರ್ಯ ಇಲ್ಲ, ಅಲ್ವಾ?

ಸೀರೀಸಿನ ಆ ತಾಯಿ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಮಗುವಿಗೆ ಆದದ್ದು ಗೊತ್ತಿದ್ದೂ ಸುಮ್ಮನಿದ್ದರೆ ಮಗು ಎರಡು ಸಲ ಒಂಟಿಯಾಗುತ್ತದೆ. ನೊಂದ ಹೆಣ್ಣುಮಕ್ಕಳು ಇಲ್ಲಿ ಬಂದು ಹೇಳುವಾಗ, ಅವನು ಮಾಡಿದ್ದಕ್ಕಿಂತ ಅಮ್ಮ ನಂಬದೇ ಇದ್ದದ್ದು ಜಾಸ್ತಿ ನೋವಾಯಿತು ಅಂತ ಹೇಳಿದವರಿದ್ದಾರೆ. ಆ ನೋವು ನಿಜ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಬಾಯಿ ಬಿಟ್ಟಿದ್ದರೆ ಆ ತಾಯಿ ಎಲ್ಲಿಗೆ ಹೋಗಬೇಕಿತ್ತು?

ನಿಮ್ಮ ಅತ್ತೆಯ ಕಾಲವನ್ನೇ ತೆಗೆದುಕೊಳ್ಳಿ. ಅವರು ಮದುವೆಯಾಗಿ ಬಂದಾಗ 1970ರ ಆಸುಪಾಸು ಇರಬೇಕು. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಒಂದು ಕಾಯ್ದೆ ಬಂದಿತ್ತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸರಿಸಮನಾದ ಪಾಲು ಹೆಣ್ಣುಮಕ್ಕಳಿಗೂ ಉಂಟು ಅಂತ ಕರ್ನಾಟಕದಲ್ಲಿ ಕಾನೂನು ಬಂದದ್ದು 1994ರಲ್ಲಿ. ಅದೂ ಆಗಲೇ ಮದುವೆಯಾಗಿದ್ದವರಿಗೆ ಸಿಗಲಿಲ್ಲ. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಮನೆಯೊಳಗಿನ ದೌರ್ಜನ್ಯಕ್ಕೆ ಅಂತಲೇ ಕಾಯ್ದೆ ಆದದ್ದೂ 2005ರಲ್ಲೇ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಪೋಕ್ಸೋ ಬಂದದ್ದು 2012ರಲ್ಲಿ. ಅದಕ್ಕೂ ಮುಂಚೆ ಕಷ್ಟ ಹೇಳಿಕೊಂಡು ತವರಿಗೆ ಹೋದರೆ ಒಂದು ವಾರ ಇಟ್ಟುಕೊಂಡು, ಮಡಿಲಕ್ಕಿ ಕಟ್ಟಿ ವಾಪಸ್ ಕಳಿಸುತ್ತಿದ್ದರು. ಪಂಚಾಯ್ತಿಗೆ ಹೋದರೆ "ಮನೆ ವಿಷಯ ಮನೇಲೇ ಮುಗಿಸ್ಕೊಳ್ಳಿ" ಅನ್ನುತ್ತಿದ್ದರು. ಇದನ್ನೆಲ್ಲ ನೋಡಿ ಬೆಳೆದ ಹೆಂಗಸಿಗೆ ಸುಮ್ಮನಿರುವುದು ಹೇಡಿತನ ಅನ್ನಿಸಿರಲಿಲ್ಲ. ಮಕ್ಕಳ ಹೊಟ್ಟೆ, ಮಗಳ ಮದುವೆ, ಮನೆ ಮರ್ಯಾದೆ ಮೂರನ್ನೂ ಕಾಯಲು ಅವರ ಕೈಲಿದ್ದದ್ದು ಅದೊಂದೇ. ಆ ಕಾಲದ ಒಬ್ಬ ಹೆಂಗಸಿನ ಪಕ್ಕದಲ್ಲಿ ಕೂತು, ಒಂದೇ ಗಳಿಗೆಯಲ್ಲಿ ಮೊಮ್ಮಗಳು "ಜೈಲಿಗೆ ಹಾಕ್ಬೇಕು" ಅಂದಳು, ಮಗ "ಇವಳೂ ಒಂದು ತಾಯಿನಾ" ಅಂದ. ಅತ್ತೆಗೆ ತಮ್ಮದೇ ಆದ ಯಾವ ಗುಟ್ಟೂ ಇಲ್ಲದಿದ್ದರೂ ಆ ಮಾತುಗಳು ಚುಚ್ಚುವಂಥವೇ.

ಇನ್ನು ಮಗಳು ಹೇಳಿದ "ಮರೆತುಹೋಗಿದೆ, ಕೇಳಿದರೆ ನೆನಪಾಗುತ್ತೆ" ಅನ್ನುವ ವಿಚಾರ. ಇದು ಸೀರೀಸ್ ಕಲಿಸಿದ ಪಾಠ, ಮತ್ತು ತಪ್ಪು ಪಾಠ. ತೆರೆಯ ಮೇಲೆ ಹಳೆಯ ನೆನಪು ಬಾಗಿಲು ತೆಗೆದ ಹಾಗೆ ಪೂರ್ತಿ ವಾಪಸ್ ಬರುತ್ತದೆ. ನೆಲದ ಬಣ್ಣ, ಗಡಿಯಾರದ ಸದ್ದು ಎಲ್ಲ ಇರುತ್ತದೆ. ನಿಜವಾದ ನೆನಪು ಹಾಗಿರುವುದಿಲ್ಲ. ಪ್ರತಿ ಸಲ ನೆನೆಸಿಕೊಳ್ಳುವಾಗಲೂ ಮನಸ್ಸು ಅದನ್ನು ಸ್ವಲ್ಪ ಹೊಸದಾಗಿ ಕಟ್ಟುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಅವರ ವಿದ್ಯಾರ್ಥಿನಿ 1995ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. 24 ಜನರಿಗೆ ಅವರ ಬಾಲ್ಯದ ನಾಲ್ಕು ಘಟನೆಗಳನ್ನು ಕೊಟ್ಟರು. ಮೂರು ನಿಜ. ನಾಲ್ಕನೆಯದು, ಚಿಕ್ಕವರಿದ್ದಾಗ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ ಅನ್ನುವ ಕಟ್ಟುಕಥೆ. ಎಲ್ಲವೂ ನಿಮ್ಮ ಮನೆಯವರೇ ಹೇಳಿದ್ದು ಅಂದರು. ಸುಮಾರು ಕಾಲು ಭಾಗದ ಜನ ಆಗದೇ ಇದ್ದದ್ದನ್ನು ಪೂರ್ತಿಯಾಗಿಯೋ ಅಲ್ಪಸ್ವಲ್ಪವೋ "ನೆನಪಿಸಿಕೊಂಡರು". ಮನೆಯವರು ಹೇಳಿದ್ದು ಅನ್ನುವ ನಂಬಿಕೆ ಅಷ್ಟು ಕೆಲಸ ಮಾಡುತ್ತದೆ. ಪ್ರೀತಿಯ ಮೊಮ್ಮಗಳು ಕೈ ಹಿಡಿದುಕೊಂಡು "ಅಜ್ಜಿ, ನಿಂಗೂ ಹಿಂಗೆ ಆಗಿತ್ತಾ? ಯಾರು? ಚೆನ್ನಾಗಿ ಯೋಚ್ನೆ ಮಾಡು" ಅಂತ ದಿನಾ ಕೇಳಿದರೆ, ಇಲ್ಲದ್ದು ಹುಟ್ಟಿಕೊಳ್ಳಬಹುದು. ಇನ್ನು ನಿಜವಾಗಿ ನೊಂದವರ ಕಥೆ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಅವರಿಗೆ ಮರೆತಿರುವುದಿಲ್ಲ. ಬೇಡ ಅಂದರೂ ನೆನಪು ಬರುತ್ತಿರುತ್ತದೆ. ಹೇಳಿಕೊಳ್ಳಲು ಆಗಿರುವುದಿಲ್ಲ, ಅಷ್ಟೇ. ಅಂಥವರನ್ನು ಕೂರಿಸಿಕೊಂಡು ಕೇಳಿದರೆ ಮಾಗಿದ ಗಾಯದ ಪೊರೆ ಕಿತ್ತ ಹಾಗಾಗುತ್ತದೆ. ಎರಡೂ ರೀತಿಯಲ್ಲಿ ಕೇಳುವುದು ತಪ್ಪು.

ಹಾಗಾದರೆ ಸುಮ್ನೆ ಇದ್ದುಬಿಡುವುದಾ? ಅದೂ ಬೇಡ. ಅತ್ತೆಯ ಬಗ್ಗೆ ಮಾತಾಡಬೇಡಿ, ಕಥೆಯ ಆ ತಾಯಿಯ ಬಗ್ಗೆ ಮಾತಾಡಿ. ಅದಕ್ಕೆ ಅಂತ ಸಮಯ ಗೊತ್ತುಮಾಡಿ ಎದುರುಬದುರು ಕೂರಬೇಡಿ. ಇಬ್ಬರ ಕೈಗೂ ಕೆಲಸ ಇರುವ ಹೊತ್ತು ಒಳ್ಳೆಯದು. ಅವರೆಕಾಯಿ ಬಿಡಿಸುವಾಗಲೋ ಬಟ್ಟೆ ಮಡಚುವಾಗಲೋ, ಕಣ್ಣು ಕೆಲಸದ ಮೇಲೆ ಇರುವಾಗ ಮಾತು ಹಗುರವಾಗಿ ಬರುತ್ತದೆ. ಯಜಮಾನರು, ಮಗಳು ಇಲ್ಲದಾಗ, "ಅತ್ತೆ, ಆ ಸೀರೀಸಲ್ಲಿ ಆ ಅಮ್ಮನ್ನ ಎಲ್ರೂ ಬೈದ್ರು. ನಂಗೆ ಪಾಪ ಅನ್ನಿಸ್ತು. ಆ ಕಾಲದಲ್ಲಿ ಅವಳು ಯಾರ ಹತ್ರ ಹೇಳ್ಕೋಬೇಕಿತ್ತು?" ಅಂತ ಅಂದು ಬಿಟ್ಟುಬಿಡಿ. ಉತ್ತರಕ್ಕೆ ಕಾದು ಮುಖ ನೋಡಬೇಡಿ. ಅವರು "ಊಂ" ಅನ್ನಬಹುದು. ಏನೂ ಅನ್ನದೇ ಇರಬಹುದು. "ಯಾರ್ ಕೇಳ್ತಿದ್ರವ್ವ ಆಗ" ಅಂತ ಒಂದು ಮಾತು ಬರಬಹುದು. ಬಂದರೆ ಅಷ್ಟಕ್ಕೇ ತೃಪ್ತಿಪಡಿ, ಅದರ ಬಾಲ ಹಿಡಿದು ಎಳೆಯಬೇಡಿ. ಈ ಮನೆಯಲ್ಲಿ ಆ ತಾಯಿಯನ್ನು ಬೈಯದೇ ಇರುವವರು ಒಬ್ಬರಾದರೂ ಇದ್ದಾರೆ ಅಂತ ಅತ್ತೆಗೆ ಗೊತ್ತಾಗಬೇಕು. ಸದ್ಯಕ್ಕೆ ನಿಮ್ಮ ಕೆಲಸ ಅಷ್ಟೇ.

ಮುಂದೆ ಯಾವಾಗಲಾದರೂ ಅವರಾಗಿಯೇ ಏನಾದರೂ ಹೇಳಿದರೆ, ಒಂದು ಮಾತನ್ನು ದಯವಿಟ್ಟು ಆಡಬೇಡಿ. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಅನ್ನಬೇಡಿ. ನಮಗೆ ಅದು ಕಾಳಜಿಯ ಮಾತು, ಕೇಳುವವರಿಗೆ ಮತ್ತೊಂದು ತೀರ್ಪು. "ಹೇಳಿದ್ದು ಒಳ್ಳೇದಾಯ್ತು" ಅನ್ನಿ, ಸಾಕು. ತಕ್ಷಣ ಯಜಮಾನರನ್ನು ಕರೆಯಬೇಡಿ. ಯಾರಿಗೆ ಹೇಳಬೇಕು, ಹೇಳಬಾರದು ಅನ್ನುವುದನ್ನು ಅತ್ತೆಯೇ ತೀರ್ಮಾನಿಸಲಿ. ಇದಕ್ಕೆ ಒಂದೇ ಒಂದು ವಿನಾಯಿತಿ. ಅವರು ಹೇಳಿದ ಮಾತಿನಿಂದ ಇವತ್ತು ಯಾವುದಾದರೂ ಮಗುವಿಗೆ ಅಪಾಯ ಇದೆ ಅಂತ ಗೊತ್ತಾದರೆ ಅದು ಮನೆಯ ಗುಟ್ಟಾಗಿ ಉಳಿಯುವ ಹಾಗಿಲ್ಲ. ಪೋಕ್ಸೋ ಪ್ರಕಾರ ಗೊತ್ತಿದ್ದವರು ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು.

ನಿದ್ದೆಯ ವಿಷಯವನ್ನು ಬೇರೆಯಾಗಿಯೇ ನೋಡಬೇಕು. 70 ದಾಟಿದವರಿಗೆ ನಿದ್ದೆ ಕೆಡುವುದಕ್ಕೆ ಕಾರಣಗಳು ಬೇಕಾದಷ್ಟು. ಬಿಪಿ, ಶುಗರ್, ಥೈರಾಯ್ಡ್, ಮಂಡಿನೋವು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು. ಎಲ್ಲವನ್ನೂ ಸೀರೀಸಿನ ತಲೆಗೆ ಕಟ್ಟಿ ಕೂತರೆ ನಿಜವಾದ ಕಾರಣ ಕಣ್ತಪ್ಪಿಹೋಗುತ್ತದೆ. ಎರಡು ವಾರ ಕಳೆದರೂ ಸರಿಹೋಗದಿದ್ದರೆ, ಊಟ ಕಡಿಮೆಯಾದರೆ, ದೇವಸ್ಥಾನಕ್ಕೆ ಅಕ್ಕಪಕ್ಕದ ಮನೆಗೆ ಹೋಗುವುದನ್ನೂ ಬಿಟ್ಟರೆ, "ನಾನಿದ್ದು ಏನು" ಅನ್ನುವಂಥ ಮಾತು ಬಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕೊನೆಯ ಮಾತು ಬಂದರಂತೂ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ನಿಮಗೆ ಮಂಡ್ಯದ ಮಿಮ್ಸ್ ಹತ್ತಿರ. ಮೈಸೂರಿಗೆ ಬರುವುದಾದರೆ ಕೆ.ಆರ್. ಆಸ್ಪತ್ರೆ ಇದೆ. ಅತ್ತೆ ಆಸ್ಪತ್ರೆಗೆ ಒಪ್ಪದಿದ್ದರೆ ಮೊದಲು ನೀವೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ನಿದ್ದೆ ಮಾತ್ರೆ ಮಿಕ್ಕಿದ್ದರೆ ಅದನ್ನು ಮಾತ್ರ ಕೊಡಬೇಡಿ. ಆ ವಯಸ್ಸಿನವರು ರಾತ್ರಿ ಎದ್ದಾಗ ತಲೆಸುತ್ತಿ ಬೀಳುತ್ತಾರೆ, ಸೊಂಟದ ಮೂಳೆ ಹೋಗುತ್ತದೆ.

ಮಗಳ ಜೊತೆ ನೀವು ಒಂದು ಸಲ ಸರಿಯಾಗಿ ಮಾತಾಡಬೇಕು. ಅಜ್ಜಿಗೆ ಏನೂ ಆಗಿಲ್ಲ ಅಂತಲೂ ಹೇಳಬೇಡಿ, ಆಗಿದೆ ಅಂತಲೂ ಹೇಳಬೇಡಿ. ನಿಮಗೆ ಎರಡೂ ಗೊತ್ತಿಲ್ಲವಲ್ಲ. ಕುಂತಿಯ ಕಥೆ ಹೇಳಿ, 1994, 2005, 2012ರ ಲೆಕ್ಕ ಹೇಳಿ. ಓದುವ ಹುಡುಗಿ, ಅರ್ಥಮಾಡಿಕೊಳ್ಳುತ್ತಾಳೆ. ಅವಳಿಗೆ ಬಂದ ಸಿಟ್ಟು ಒಳ್ಳೆಯ ಸಿಟ್ಟೇ, ಅದನ್ನು ಆರಿಸಬೇಡಿ. ಮಾಡಿದವನ ಕಡೆಗೆ ತಿರುಗಿಸಿ.

ಉಳಿದ ಎರಡು ಎಪಿಸೋಡ್ ನೀವು ಧಾರಾಳವಾಗಿ ನೋಡಿ, ರಾತ್ರಿ ಬೇಡ, ಮಧ್ಯಾಹ್ನ ನೋಡಿ. ಅತ್ತೆಯನ್ನು ಕರೆಯಬೇಡಿ, ತಪ್ಪಿಸಿ ಮುಚ್ಚಿಟ್ಟು ನೋಡಲೂ ಬೇಡಿ. "ನಾನು ನೋಡ್ತಿದೀನಿ ಅತ್ತೆ" ಅಂದರೆ ಸಾಕು. ಅವರು ಅಡುಗೆಮನೆಯಿಂದ "ಏನಾಯ್ತು ಅದರದ್ದು?" ಅಂತ ಕೇಳಿದರೆ ಪೂರ್ತಿ ಕಥೆ ಹೇಳಿಬಿಡಿ. ಕೊನೆ ಗೊತ್ತಾದರೆ ಮಜಾ ಹೋಗುತ್ತದೆ ಅಂತ ಮಗಳು ಅನ್ನಬಹುದು. ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು 2011ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕೊನೆಯನ್ನು ಮೊದಲೇ ತಿಳಿದು ಓದಿದವರಿಗೇ ಕಥೆ ಹೆಚ್ಚು ಹಿಡಿಸಿತ್ತು. ಕುರುಕ್ಷೇತ್ರ ನೋಡಲು ಬರುವವರಲ್ಲಿ ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಅಂಜಿಕೆ ಇರುವವರಿಗೆ ಮುಂದೇನು ಅಂತ ಮೊದಲೇ ಗೊತ್ತಿರುವುದು ದೊಡ್ಡ ಆಸರೆ. ಆ ತಾಯಿಗೆ ಕೊನೆಯಲ್ಲಿ ಏನಾಯಿತು ಅನ್ನುವುದನ್ನು ಮಾತ್ರ ಅವಸರದಲ್ಲಿ ಹೇಳಿ ಮುಗಿಸಬೇಡಿ. ಅತ್ತೆ ಕೇಳುವುದು ಅದನ್ನೇ ಇರಬಹುದು.